ಕನಸೆಂದು ತಿಳಿದ ಕೂಡಲೇ ಎಚ್ಚರವಾಗಿಬಿಡುತ್ತದೆ: ಅರಿವಿನ ಕನಸನ್ನು ಹೊಸಬರು ಎಲ್ಲಿಂದ ಆರಂಭಿಸಬೇಕು?

ಪ್ರಶ್ನೆ: ತುಂಗಾತೀರ

ಎಲ್ಲರಿಗೂ ನಮಸ್ಕಾರ. ಎರಡು ತಿಂಗಳ ಹಿಂದೆ ಬಿದ್ದ ಒಂದು ಕನಸಿನಿಂದ ಈ ಪ್ರಶ್ನೆ ಹುಟ್ಟಿದೆ. ತೀರ್ಥಹಳ್ಳಿ ಸಮೀಪದ ನಮ್ಮ ಅಜ್ಜಿಯ ಮನೆಯ ಜಗಲಿಯಲ್ಲಿ ಕುಳಿತಿದ್ದೆ. ಮಳೆ ಆಗಷ್ಟೇ ನಿಂತು ಹಂಚಿನ ಅಂಚಿನಿಂದ ನೀರು ತೊಟ್ಟಿಕ್ಕುತ್ತಿತ್ತು, ಒಳಗೆ ಮಜ್ಜಿಗೆ ಕಡೆಯುವ ಸದ್ದು ಕೇಳುತ್ತಿತ್ತು. ಆ ಸದ್ದಿಗೆ ಕಿವಿಗೊಟ್ಟು ಕುಳಿತಿದ್ದಾಗ, ಅಜ್ಜಿ ತೀರಿಕೊಂಡು ಆರು ವರ್ಷವಾಯಿತಲ್ಲ, ಈ ಮನೆಯನ್ನು ಕೆಡವಿಯೂ ನಾಲ್ಕು ವರ್ಷವಾಯಿತಲ್ಲ ಎಂದು ಥಟ್ಟನೆ ನೆನಪಾಯಿತು. ಹಾಗಾದರೆ ನಾನು ಮೈಸೂರಿನ ಕೋಣೆಯಲ್ಲಿ ಮಲಗಿದ್ದೇನೆ, ಇದು ಕನಸು ಎಂಬುದು ಕನಸಿನೊಳಗೇ ಸ್ಪಷ್ಟವಾಯಿತು. ಸಂತೋಷಕ್ಕೆ ಎದೆ ಡವಡವ ಹೊಡೆದುಕೊಂಡಿತು. ಒಳಗೆ ಓಡಿಹೋಗಬೇಕೆಂದು ಎದ್ದು ನಿಂತೆ. ಅಷ್ಟರಲ್ಲಿ ಜಗಲಿ, ಅಂಗಳ, ಸದ್ದು ಎಲ್ಲವೂ ಮಸುಕಾಗಿ, ಹಾಸಿಗೆಯ ಮೇಲೆ ಕಣ್ಣು ಬಿಟ್ಟಿದ್ದೆ. ಹೆಚ್ಚೆಂದರೆ ಹತ್ತು ಕ್ಷಣ ಅಲ್ಲಿದ್ದೆನೇನೋ.

ಇದನ್ನು ಲೂಸಿಡ್ ಡ್ರೀಮಿಂಗ್ ಎನ್ನುತ್ತಾರೆಂದು ಆಮೇಲೆ ತಿಳಿಯಿತು. ಯೂಟ್ಯೂಬಿನಲ್ಲಿ ನೋಡಿದ ಸಲಹೆಯಂತೆ ಮೂರು ವಾರ ಪ್ರತಿ ರಾತ್ರಿ ಎರಡೂವರೆಗೆ ಅಲಾರಾಂ ಇಟ್ಟು ಎದ್ದೆ. ಮತ್ತೆ ಅಂಥ ಕನಸು ಬೀಳಲಿಲ್ಲ, ಬದಲಿಗೆ ಹಗಲೆಲ್ಲ ತಲೆ ಭಾರವಾಗಿ, ಲೆಕ್ಕಪತ್ರ ನೋಡುವ ನನ್ನ ಕೆಲಸದಲ್ಲಿ ಒಂದೇ ವಾರಕ್ಕೆ ಎರಡು ತಪ್ಪುಗಳಾದವು. ಒಂದು ರಾತ್ರಿಯಂತೂ ಎಚ್ಚರವಾದರೂ ಕೈಕಾಲು ಅಲುಗಿಸಲಾಗದೆ, ಬಾಗಿಲ ಬಳಿ ಯಾರೋ ನಿಂತಂತೆ ಅನಿಸಿ ಬೆವತುಹೋದೆ. ಅಂದಿನಿಂದ ಅಲಾರಾಂ ನಿಲ್ಲಿಸಿದ್ದೇನೆ.

ಹಾರಾಡಬೇಕು, ಸಮುದ್ರ ದಾಟಬೇಕು ಎಂಬ ಆಸೆ ನನಗಿಲ್ಲ. ಆ ಮನೆಯನ್ನು ಒಮ್ಮೆ ಜಗಲಿಯಿಂದ ಅಡುಗೆಮನೆಯವರೆಗೆ ನಿಧಾನವಾಗಿ ನಡೆದು ನೋಡಬೇಕು, ಅಷ್ಟೇ. ಇದು ಅಭ್ಯಾಸದಿಂದ ಸಾಧ್ಯವೇ? ನಿದ್ದೆ ಕೆಡಿಸಿಕೊಳ್ಳದೆ ಆರಂಭಿಸುವುದು ಹೇಗೆ? ಮೈ ಕಟ್ಟಿಹಾಕಿದಂತೆ ಆದದ್ದು ಅಪಾಯದ ಸೂಚನೆಯೇ? ಅನುಭವವಿರುವವರು ದಯವಿಟ್ಟು ತಿಳಿಸಿ.

ಉತ್ತರ 1: ಬೆಳಗಿನ ಜಾವ

ತುಂಗಾತೀರ ಅವರೇ, ಹನ್ನೊಂದು ವರ್ಷಗಳಿಂದ ಈ ಅಭ್ಯಾಸದಲ್ಲಿರುವವನಾಗಿ ಮೊದಲು ಒಂದು ಮಾತು ಹೇಳುತ್ತೇನೆ: ನೀವು ಎಲ್ಲೂ ತಪ್ಪು ಹೆಜ್ಜೆ ಇಟ್ಟಿರಲಿಲ್ಲ. ಮೊದಲ ಸಲ ಕನಸಿನಲ್ಲಿ ಅರಿವು ಮೂಡಿದವರಲ್ಲಿ ಬಹಳಷ್ಟು ಮಂದಿ ಸಂತೋಷದ ರಭಸಕ್ಕೇ ಎಚ್ಚರಗೊಳ್ಳುತ್ತಾರೆ. ನನಗೂ ಮೊದಲ ನಾಲ್ಕು ಬಾರಿ ಹಾಗೆಯೇ ಆಗಿತ್ತು.

ಅಲಾರಾಂ ನಿಲ್ಲಿಸಿದ್ದು ಒಳ್ಳೆಯದಾಯಿತು. ರಾತ್ರಿಯ ನಿದ್ದೆ ಸುಮಾರು ತೊಂಬತ್ತು ನಿಮಿಷಗಳ ಸುತ್ತುಗಳಲ್ಲಿ ಸಾಗುತ್ತದೆ. ಮೊದಲ ಸುತ್ತುಗಳಲ್ಲಿ ಗಾಢ ನಿದ್ದೆಯ ಪಾಲು ಹೆಚ್ಚು. ಕಥೆಯಂತೆ ಬೆಳೆಯುವ ಕನಸುಗಳು ಹೆಚ್ಚಾಗಿ ಬೀಳುವ ರೆಮ್ ನಿದ್ರೆ, ಅಂದರೆ ಮುಚ್ಚಿದ ರೆಪ್ಪೆಗಳ ಕೆಳಗೆ ಕಣ್ಣುಗುಡ್ಡೆಗಳು ಚುರುಕಾಗಿ ಓಡಾಡುವ ಹಂತ, ರಾತ್ರಿಯ ಆರಂಭದಲ್ಲಿ ಕೆಲವೇ ನಿಮಿಷ ಇದ್ದು, ಬೆಳಗಾಗುತ್ತ ಬಂದಂತೆ ಅರ್ಧ ಗಂಟೆಗೂ ಮೀರಿ ಉದ್ದವಾಗುತ್ತದೆ. ಹನ್ನೊಂದಕ್ಕೆ ಮಲಗಿ ಎರಡೂವರೆಗೆ ಎದ್ದರೆ ದೇಹಕ್ಕೆ ಬೇಕಾದ ವಿಶ್ರಾಂತಿ ತುಂಡಾಗುತ್ತದೆ, ಕನಸಿನ ಫಸಲು ಇನ್ನೂ ಬಂದಿರುವುದಿಲ್ಲ. ಕನಿಷ್ಠ ಐದೂವರೆ ಗಂಟೆ ನಿದ್ದೆಯಾದ ಮೇಲಿನ ಹೊತ್ತೇ ನಮ್ಮದು. ಆ ಹೊತ್ತಿನಲ್ಲಿ ನೀರು ಕುಡಿಯಲೋ ಬಚ್ಚಲಿಗೆ ಹೋಗಲೋ ನಾವು ತಾವಾಗಿಯೇ ಏಳುವುದುಂಟು, ಆ ಎಚ್ಚರವನ್ನೇ ಬಳಸಿಕೊಳ್ಳಿ. ಮರುದಿನ ರಜೆಯಿರುವ ರಾತ್ರಿ ಮಾತ್ರ, ವಾರಕ್ಕೆ ಒಂದು ಬಾರಿ, ಸಾಕು.

ಅದಕ್ಕೂ ಮೊದಲು ಒಂದು ನೋಟ್‌ಬುಕ್ ಬೇಕು, ಮತ್ತು ಈ ವಿಷಯದಲ್ಲಿ ನನಗೆ ರಾಜಿಯಿಲ್ಲ. ಕನಸೇ ನೆನಪಿನಲ್ಲಿ ಉಳಿಯದವರಿಗೆ ಅದರೊಳಗಿನ ಅರಿವು ಉಳಿದೀತೇ? ಬೆಳಿಗ್ಗೆ ಎಚ್ಚರವಾದಾಗ ಮಗ್ಗುಲು ಬದಲಿಸಬೇಡಿ, ಮೊಬೈಲ್ ಮುಟ್ಟಬೇಡಿ, ಕಣ್ಣು ಮುಚ್ಚಿಕೊಂಡೇ ಕೊನೆಯ ದೃಶ್ಯವನ್ನು ಹಿಡಿದು ಹಿಂದಕ್ಕೆ ನಡೆಯಿರಿ. ದೃಶ್ಯ ಸಿಗದಿದ್ದರೆ ಮನಸ್ಸಿನಲ್ಲಿ ಉಳಿದಿರುವ ಭಾವ ಯಾವುದು, ಭಯವೋ ಅವಸರವೋ ಎಂದು ಕೇಳಿಕೊಳ್ಳಿ. ಅದರ ಬಾಲ ಹಿಡಿದು ಉಳಿದದ್ದು ಬರುತ್ತದೆ. ನನ್ನ ಪುಸ್ತಕದ ಮೊದಲ ಎಂಟು ದಿನಗಳಲ್ಲಿ ‘ಏನೂ ನೆನಪಿಲ್ಲ’ ಎಂದಷ್ಟೇ ಬರೆದಿದೆ. ಒಂಬತ್ತನೆಯ ದಿನ ಒಂದು ಸಾಲು, ತಿಂಗಳು ಕಳೆಯುವಷ್ಟರಲ್ಲಿ ಎರಡು ಪುಟ.

ನಲವತ್ತು ಕನಸುಗಳಾದ ಮೇಲೆ ಪೆನ್ಸಿಲ್ ಹಿಡಿದು ಓದಿದೆ. ಅವುಗಳಲ್ಲಿ ಹದಿಮೂರು ಬಸ್ ನಿಲ್ದಾಣದಲ್ಲಿ ನಡೆದಿದ್ದವು, ಪ್ರತಿ ಬಾರಿಯೂ ನಾನು ಬಸ್ ತಪ್ಪಿಸಿಕೊಂಡಿರುತ್ತಿದ್ದೆ. ಹೀಗೆ ಮರಳಿ ಮರಳಿ ಬರುವುದನ್ನು ಕನಸಿನ ಗುರುತು ಎನ್ನುತ್ತೇವೆ. ಅಂದಿನಿಂದ ಹಗಲಿನಲ್ಲಿ ಬಸ್ ನಿಲ್ದಾಣಕ್ಕೆ ಕಾಲಿಟ್ಟಾಗಲೆಲ್ಲ ಒಂದು ಬೋರ್ಡನ್ನು ಓದಿ, ಮುಖ ತಿರುಗಿಸಿ, ಮತ್ತೆ ಓದುವ ರೂಢಿ ಮಾಡಿಕೊಂಡೆ. ಎಚ್ಚರದಲ್ಲಿ ಅಕ್ಷರ ಅಲುಗುವುದಿಲ್ಲ. ಕನಸಿನಲ್ಲಿ ಬರಹ ನಿಲ್ಲುವುದು ಅಪರೂಪ. ಆರು ವಾರಗಳ ಬಳಿಕ ಒಂದು ಬೆಳಗಿನ ಜಾವ ಹುಬ್ಬಳ್ಳಿಯ ನಿಲ್ದಾಣದಲ್ಲಿ ‘ಹಾವೇರಿ’ ಎಂಬ ಬೋರ್ಡನ್ನು ಓದಿ ಕತ್ತು ತಿರುಗಿಸಿದೆ. ಮತ್ತೆ ನೋಡಿದರೆ ‘ಹಾಮೇರಿ’ ಎಂದಿತ್ತು. ವಕಾರ ಮಕಾರವಾದದ್ದನ್ನು ಕಂಡು, ಇದು ಕನಸು ಎಂದು ಕನಸಿನಲ್ಲಿಯೇ ಗಟ್ಟಿಯಾಗಿ ಹೇಳಿದೆ. ಇನ್ನೊಂದು ಪರೀಕ್ಷೆ ಮೂಗಿನದು: ಮೂಗನ್ನು ಬೆರಳುಗಳಿಂದ ಒತ್ತಿ, ಬಾಯಿ ಮುಚ್ಚಿ ಉಸಿರೆಳೆದು ನೋಡಿ. ಕನಸಿನಲ್ಲಿ ಉಸಿರು ಸಲೀಸಾಗಿ ಒಳಗೆ ಬರುತ್ತದೆ. ನಿಮ್ಮ ಗುರುತು ಯಾವುದೆಂದು ನಿಮ್ಮ ಪುಸ್ತಕವೇ ಹೇಳಲಿ. ಆ ಮನೆ ಪದೇ ಪದೇ ಬರುತ್ತಿದ್ದರೆ ಅದಕ್ಕಿಂತ ಒಳ್ಳೆಯ ಗುರುತು ಬೇಕಿಲ್ಲ.

ಇನ್ನು ಬೆಳಗಿನ ಜಾವದ ಕೆಲಸ. ಎಚ್ಚರವಾದಾಗ ಆಗಷ್ಟೇ ಕಂಡ ಕನಸನ್ನು ನೆನಪಿಸಿಕೊಳ್ಳಿ. ‘ಮುಂದಿನ ಸಲ ಕನಸು ಬಿದ್ದಾಗ ಅದು ಕನಸೆಂದು ನೆನಪಿಟ್ಟುಕೊಳ್ಳುತ್ತೇನೆ’ ಎಂದು ಮನಸ್ಸಿನಲ್ಲಿ ಹೇಳಿಕೊಳ್ಳಿ. ಬಳಿಕ ಅದೇ ಕನಸಿನೊಳಗೆ ಮತ್ತೆ ಇರುವಂತೆ, ಅಲ್ಲಿನ ಗುರುತನ್ನು ಕಂಡು ಅರಿವಾದಂತೆ ಚಿತ್ರಿಸಿಕೊಳ್ಳುತ್ತ ನಿದ್ದೆಗೆ ಜಾರಿ. ಸಂತೆಗೆ ಹೊರಟವರು ‘ಬರುವಾಗ ಬೆಲ್ಲ ತರಬೇಕು’ ಎಂದು ನೆನಪಿಟ್ಟುಕೊಳ್ಳುತ್ತಾರಲ್ಲ, ಅದೇ ಶಕ್ತಿ ಇಲ್ಲಿ ಕೆಲಸ ಮಾಡುತ್ತದೆ. ಇದನ್ನು ರೂಪಿಸಿದವರು ಅಮೆರಿಕದ ಸ್ಟೀಫನ್ ಲಾಬರ್ಜ್. ಮೈಲ್ಡ್ ಎಂಬ ಹೆಸರಿನಿಂದ ಇದು ಪ್ರಸಿದ್ಧ.

ಅರಿವು ಮೂಡಿದ ಕ್ಷಣ ಎದ್ದು ಓಡಬೇಡಿ. ಕುಳಿತಲ್ಲೇ ಕುಳಿತು ಎರಡೂ ಅಂಗೈಗಳನ್ನು ಒಂದಕ್ಕೊಂದು ಉಜ್ಜಿ, ಆ ಬಿಸಿಯನ್ನು ಗಮನಿಸಿ. ಜಗಲಿಯ ನೆಲ ಸವರಿ, ಕಂಬ ಮುಟ್ಟಿ. ಸ್ಪರ್ಶದಲ್ಲಿ ಗಮನ ನೆಟ್ಟಷ್ಟು ಹೊತ್ತು ಕನಸು ನಿಲ್ಲುತ್ತದೆ, ಒಂದೇ ವಸ್ತುವನ್ನು ಎವೆಯಿಕ್ಕದೆ ದಿಟ್ಟಿಸಿದರೆ ಕರಗುತ್ತದೆ ಎಂಬುದು ನನ್ನ ಅನುಭವ. ಅಷ್ಟಾದರೂ ಎಚ್ಚರವಾದರೆ ಕಣ್ಣು ತೆರೆಯದೆ, ಮೈ ಅಲುಗಿಸದೆ ಒಂದೆರಡು ನಿಮಿಷ ಹಾಗೆಯೇ ಇರಿ. ಎಷ್ಟೋ ಸಲ ಅದೇ ಕನಸು ಮತ್ತೆ ಬಾಗಿಲು ತೆರೆಯುತ್ತದೆ.

ಉತ್ತರ 2: ಶರೀರಶಾಸ್ತ್ರದ ಮೇಷ್ಟ್ರು

ಮೇಲಿನ ಉತ್ತರದ ಬಹುಭಾಗವನ್ನು ಒಪ್ಪುತ್ತೇನೆ. ನಾನು ಕಾಲೇಜಿನಲ್ಲಿ ಶರೀರಶಾಸ್ತ್ರ ಕಲಿಸುವವನು, ಆದ್ದರಿಂದ ಮೈ ಕಟ್ಟಿಹಾಕಿದ ಅನುಭವದಿಂದ ಆರಂಭಿಸುತ್ತೇನೆ, ಏಕೆಂದರೆ ಹೊಸಬರನ್ನು ಹೆಚ್ಚು ಹೆದರಿಸುವುದು ಅದೇ.

ರೆಮ್ ನಿದ್ರೆಯಲ್ಲಿ ಮಿದುಳುಕಾಂಡವು ಕೈಕಾಲುಗಳ ಸ್ನಾಯುಗಳಿಗೆ ಹೋಗುವ ಆಜ್ಞೆಯನ್ನು ತಡೆಹಿಡಿಯುತ್ತದೆ. ಈ ತಡೆ ಇಲ್ಲದಿದ್ದರೆ ಕನಸಿನಲ್ಲಿ ಓಡುವವರು ಹಾಸಿಗೆಯಿಂದ ಎದ್ದೇ ಓಡುತ್ತಿದ್ದರು. ಕೆಲವೊಮ್ಮೆ ಅರಿವು ಮೊದಲು ಮರಳುತ್ತದೆ, ತಡೆ ಇನ್ನೂ ತೆರವಾಗಿರುವುದಿಲ್ಲ. ಆಗ ಕಣ್ಣು ಕಾಣುತ್ತದೆ, ಮೈ ಕೇಳುವುದಿಲ್ಲ, ಕನಸಿನ ಚೂರುಗಳು ಕೋಣೆಯೊಳಗೇ ಬೆರೆತು ಯಾರೋ ನಿಂತಂತೆ, ಎದೆಯ ಮೇಲೆ ಕುಳಿತಂತೆ ತೋರುತ್ತವೆ. ದೆವ್ವ ಮೆಟ್ಟಿತು ಎಂದು ನಮ್ಮ ಹಿರಿಯರು ಹೇಳುತ್ತಿದ್ದುದರಲ್ಲಿ ಬಹಳಷ್ಟು ಇದೇ ಇರಬೇಕು. ಕೆಲವು ಕ್ಷಣಗಳಿಂದ ಕೆಲವು ನಿಮಿಷಗಳೊಳಗೆ ಇದು ತಾನಾಗಿಯೇ ಬಿಡುತ್ತದೆ. ಉಸಿರಾಟ ನಡೆಸುವ ವಪೆಗೆ ಈ ತಡೆ ತಟ್ಟುವುದಿಲ್ಲ, ಆದ್ದರಿಂದ ಉಸಿರು ನಿಂತುಹೋಗುವ ಭಯ ಬೇಡ. ಹೋರಾಡದೆ ಉಸಿರನ್ನು ನಿಧಾನಗೊಳಿಸಿ, ಕಾಲಿನ ಹೆಬ್ಬೆರಳನ್ನೋ ನಾಲಿಗೆಯನ್ನೋ ಅಲುಗಿಸಲು ಯತ್ನಿಸಿ. ನಿದ್ದೆ ತುಂಡಾಗುವುದು, ವೇಳೆಗೆಟ್ಟು ಮಲಗುವುದು, ಅಂಗಾತ ಮಲಗುವುದು ಇದನ್ನು ಹೆಚ್ಚಿಸುತ್ತವೆ. ನಿಮ್ಮ ಮೂರು ವಾರಗಳ ಅಲಾರಾಂ ಇದಕ್ಕೆ ಕಾರಣವಾಗಿರಬಹುದು.

ಇದೇ ತಡೆಯಿಂದ ವಿಜ್ಞಾನಕ್ಕೆ ಒಂದು ಸುಂದರವಾದ ದಾರಿ ದೊರೆತದ್ದನ್ನೂ ಹೇಳಲೇಬೇಕು. ಆ ತಡೆಗೆ ಕಣ್ಣುಗುಡ್ಡೆಗಳು ಒಳಪಡುವುದಿಲ್ಲ. ರೆಮ್ ನಿದ್ರೆಯನ್ನು ಅಸೆರಿನ್ಸ್ಕಿ ಮತ್ತು ಕ್ಲೈಟ್‌ಮನ್ ವರದಿ ಮಾಡಿದ್ದು 1953ರಲ್ಲಿ. ಅದಾಗಿ ಎರಡು ದಶಕಗಳ ನಂತರ, 1975ರ ಏಪ್ರಿಲ್‌ನಲ್ಲಿ, ಇಂಗ್ಲೆಂಡಿನ ಹಲ್ ವಿಶ್ವವಿದ್ಯಾಲಯದ ಪ್ರಯೋಗಾಲಯದಲ್ಲಿ ಕೀತ್ ಹರ್ನ್ ಎಂಬ ಸಂಶೋಧಕರು ಅಲನ್ ವರ್ಸ್ಲಿ ಎಂಬವರೊಂದಿಗೆ ಒಂದು ಒಪ್ಪಂದ ಮಾಡಿಕೊಂಡರು: ಕನಸಿನಲ್ಲಿ ಅರಿವು ಮೂಡಿದ ಕೂಡಲೇ ಕಣ್ಣುಗಳನ್ನು ಎಡಕ್ಕೂ ಬಲಕ್ಕೂ ಎಣಿಸಿ ಹೊರಳಿಸಬೇಕು. ಬೆಳಗಿನ ಜಾವ ದೇಹ ಗಾಢವಾಗಿ ನಿದ್ರಿಸುತ್ತಿದ್ದಾಗ ಕಾಗದದ ಮೇಲೆ ಆ ಹೊರಳುವಿಕೆಯ ಗೆರೆಗಳು ಒಪ್ಪಿದ ಕ್ರಮದಲ್ಲಿಯೇ ಮೂಡಿದವು. ನಿದ್ದೆಯ ಒಳಗಿನಿಂದ ಹೊರಜಗತ್ತಿಗೆ ಹೀಗೆ ಉದ್ದೇಶಪೂರ್ವಕವಾದ ಸಂದೇಶ ಬಂದು, ಈ ಬಗೆಯ ಕನಸು ಅರೆಎಚ್ಚರದ ಭ್ರಮೆಯೆಂಬ ವಾದ ಬಿದ್ದುಹೋಯಿತು. ಲಾಬರ್ಜ್ ಅವರು ಸ್ಟ್ಯಾನ್‌ಫರ್ಡ್‌ನಲ್ಲಿ ಸ್ವತಂತ್ರವಾಗಿ ಇದನ್ನೇ ತೋರಿಸಿ 1981ರಲ್ಲಿ ಪ್ರಕಟಿಸಿದರು. 2021ರಲ್ಲಿ ಅಮೆರಿಕ, ಫ್ರಾನ್ಸ್, ಜರ್ಮನಿ, ನೆದರ್‌ಲ್ಯಾಂಡ್ಸ್‌ಗಳ ನಾಲ್ಕು ತಂಡಗಳು ಒಟ್ಟಾಗಿ ಇನ್ನೂ ಮುಂದೆ ಹೋದವು. ನಿದ್ರಿಸುತ್ತಿದ್ದವರನ್ನು ಎಂಟರಲ್ಲಿ ಆರು ಕಳೆದರೆ ಎಷ್ಟು ಎಂದು ಕೇಳಿದಾಗ, ಒಬ್ಬರು ಕನಸಿನೊಳಗಿನಿಂದಲೇ ಕಣ್ಣುಗಳನ್ನು ಎರಡು ಬಾರಿ ಹೊರಳಿಸಿ ಉತ್ತರ ಕೊಟ್ಟರು. ಈ ಸಂಗತಿಯನ್ನು ತರಗತಿಯಲ್ಲಿ ಹೇಳುವಾಗ ಇಂದಿಗೂ ನನಗೆ ರೋಮಾಂಚನವಾಗುತ್ತದೆ.

ನೀವು ಕೇಳಿದ ‘ಸಾಧ್ಯವೇ’ ಎಂಬುದಕ್ಕೆ ಅಂಕಿಗಳಿವೆ. ಐವತ್ತು ವರ್ಷಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ 2016ರಲ್ಲಿ ಪ್ರಕಟವಾದ ವಿಶ್ಲೇಷಣೆಯಂತೆ, ಸುಮಾರು ಶೇ 55ರಷ್ಟು ಜನರಿಗೆ ಜೀವನದಲ್ಲಿ ಒಮ್ಮೆಯಾದರೂ ಇಂಥ ಕನಸು ಬಿದ್ದಿರುತ್ತದೆ, ಶೇ 23ರಷ್ಟು ಜನರಿಗೆ ತಿಂಗಳಿಗೊಮ್ಮೆಯೋ ಅದಕ್ಕಿಂತ ಹೆಚ್ಚಾಗಿಯೋ ಬೀಳುತ್ತದೆ. ಇಲ್ಲಿ ‘ಬೆಳಗಿನ ಜಾವ’ ಅವರ ಮಾತಿಗೆ ಒಂದು ತಿದ್ದುಪಡಿ ಸೇರಿಸಬೇಕು. ಆಸ್ಟ್ರೇಲಿಯಾದ ಅಡಿಲೇಡ್ ವಿಶ್ವವಿದ್ಯಾಲಯದ ಡೆನ್‌ಹಮ್ ಆಸ್ಪಿ ಅವರ 2017ರ ಅಧ್ಯಯನದಲ್ಲಿ ಹಗಲಿನ ಪರೀಕ್ಷೆಯನ್ನಷ್ಟೇ ಮಾಡಿದವರಿಗೆ ಹೇಳಿಕೊಳ್ಳುವಂಥ ಪ್ರಯೋಜನವಾಗಲಿಲ್ಲ. ಐದು ಗಂಟೆಯ ನಿದ್ದೆಯ ನಂತರ ಎದ್ದು, ಸಂಕಲ್ಪದ ವಿಧಾನವನ್ನೂ ಸೇರಿಸಿಕೊಂಡವರು ಒಂದು ವಾರದ ಅವಧಿಯಲ್ಲಿ ಶೇ 17ರಷ್ಟು ಪ್ರಯತ್ನಗಳಲ್ಲಿ ಯಶಸ್ಸು ಕಂಡರು. ಸಂಕಲ್ಪ ಮುಗಿಸಿದ ಐದು ನಿಮಿಷಗಳೊಳಗೆ ನಿದ್ದೆ ಹತ್ತಿದವರಲ್ಲಿ ಆ ಪ್ರಮಾಣ ಶೇ 46ರ ಸಮೀಪವಿತ್ತು. ಆದ್ದರಿಂದ ದಿನಕ್ಕೆ ಇಪ್ಪತ್ತು ಬಾರಿ ಯಾಂತ್ರಿಕವಾಗಿ ಮೂಗು ಹಿಡಿಯುವುದಕ್ಕಿಂತ, ಬೆಳಗಿನ ಜಾವ ಬೇಗ ಮರಳಿ ನಿದ್ದೆಗೆ ಹೋಗುವುದು ಮುಖ್ಯ. ದೀಪ ಹಾಕಬೇಡಿ, ಪರದೆ ನೋಡಬೇಡಿ.

ಮನೆಯೊಳಗೆ ನಡೆಯಲು ಸಮಯ ಸಿಕ್ಕೀತೇ ಎಂಬ ಚಿಂತೆ ನಿಮಗಿರಬಹುದು. ಕನಸಿನಲ್ಲಿ ಎಣಿಸಿದ ಹತ್ತು ಕ್ಷಣಗಳು ಹೊರಗಿನ ಗಡಿಯಾರದ ಹತ್ತು ಕ್ಷಣಗಳಿಗೆ ಬಹಳ ಹತ್ತಿರವಿದ್ದುದನ್ನು ಲಾಬರ್ಜ್ ಕಣ್ಣಿನ ಸಂಕೇತಗಳಿಂದಲೇ ಅಳೆದಿದ್ದಾರೆ. ಕಣ್ಣು ಮಿಟುಕಿಸುವಷ್ಟರಲ್ಲಿ ಒಂದು ಜನ್ಮ ಕಳೆಯಿತು ಎಂಬುದು ಕಥೆಗೆ ಚೆಂದ. ಜಗಲಿಯಿಂದ ಅಡುಗೆಮನೆಗೆ ಎಚ್ಚರದಲ್ಲಿ ಬೇಕಾದಷ್ಟು ಸಮಯವೇ ಅಲ್ಲಿಯೂ ಬೇಕು, ಬೆಳಗಿನ ಉದ್ದದ ರೆಮ್ ನಿದ್ರೆಯಲ್ಲಿ ಅಷ್ಟು ಸಮಯ ಧಾರಾಳವಾಗಿ ಇರುತ್ತದೆ.

ಎರಡು ಎಚ್ಚರಿಕೆಗಳು. ಗ್ಯಾಲಂಟಮೈನ್ ಎಂಬ ಮಾತ್ರೆಯಿಂದ ಇಂಥ ಕನಸು ಹೆಚ್ಚುತ್ತದೆ ಎಂಬ ಸಲಹೆ ನಿಮ್ಮ ಕಣ್ಣಿಗೆ ಬಿದ್ದೀತು. ಪ್ರಯೋಗದಲ್ಲಿ ಅದು ಕಂಡುಬಂದಿರುವುದು ನಿಜ, ಆದರೆ ಅದು ಅಲ್ಜೈಮರ್ ಕಾಯಿಲೆಗೆ ಕೊಡುವ ಔಷಧ, ಹೃದಯ ಬಡಿತವನ್ನು ನಿಧಾನಗೊಳಿಸಬಲ್ಲದು. ವೈದ್ಯರ ಸಲಹೆಯಿಲ್ಲದೆ ಅದರ ಹತ್ತಿರ ಹೋಗಬೇಡಿ. ಹಾಗೆಯೇ ಕನಸು ಯಾವುದು, ನಿಜ ಯಾವುದು ಎಂಬ ಗೊಂದಲ ಹಗಲಿನಲ್ಲಿ ಕಾಡಿದವರು, ಮನೋರೋಗಕ್ಕೆ ಚಿಕಿತ್ಸೆ ಪಡೆದವರು ತಮ್ಮ ವೈದ್ಯರನ್ನು ಕೇಳದೆ ಈ ಅಭ್ಯಾಸಕ್ಕೆ ಇಳಿಯಬಾರದು. ಮೈ ಕಟ್ಟುವುದು ವಾರಕ್ಕೆ ಹಲವು ಬಾರಿ ಆದರೆ, ಅದರ ಜೊತೆ ಹಗಲಿನಲ್ಲಿ ತಡೆಯಲಾರದ ನಿದ್ದೆ ಬಂದರೆ, ನಿದ್ರಾತಜ್ಞರನ್ನು ಕಾಣಿರಿ.

ಉತ್ತರ 3: ಕುಶಾಲನಗರ ನಿವಾಸಿ

ಪ್ರಯೋಗಾಲಯದ ಮಾತು ಬಂದಿರುವುದರಿಂದ, ನಮ್ಮ ಹಿಂದಿನವರು ಇದನ್ನು ಹೇಗೆ ನೋಡಿದ್ದರು ಎಂಬುದನ್ನೂ ಸೇರಿಸುತ್ತೇನೆ. ಬೃಹದಾರಣ್ಯಕ ಉಪನಿಷತ್ತಿನ ನಾಲ್ಕನೆಯ ಅಧ್ಯಾಯದಲ್ಲಿ ಯಾಜ್ಞವಲ್ಕ್ಯರು ಜನಕ ಮಹಾರಾಜನಿಗೆ ಕನಸಿನ ಸ್ವರೂಪವನ್ನು ವಿವರಿಸುತ್ತಾರೆ. ಅಲ್ಲಿ ರಥಗಳಿಲ್ಲ, ಕುದುರೆಗಳಿಲ್ಲ, ದಾರಿಗಳೂ ಇಲ್ಲ, ಅವನೇ ರಥಗಳನ್ನೂ ಕುದುರೆಗಳನ್ನೂ ದಾರಿಗಳನ್ನೂ ಸೃಷ್ಟಿಸಿಕೊಳ್ಳುತ್ತಾನೆ ಎಂಬುದು ಆ ಮಾತಿನ ಭಾವ. ಅದೇ ಸಂವಾದದಲ್ಲಿ ಸ್ವಲ್ಪ ಮುಂದೆ, ಮಲಗಿದವನನ್ನು ಥಟ್ಟನೆ ಎಬ್ಬಿಸಬಾರದೆಂದು ಹೇಳುತ್ತಾರೆ ಎಂಬ ಮಾತೂ ಬರುತ್ತದೆ. ಎರಡೂವರೆಯ ಅಲಾರಾಂ ಸಂಗತಿಯನ್ನು ಓದಿದಾಗ ನನಗೆ ನೆನಪಾದದ್ದು ಅದೇ ಸಾಲು. ಪತಂಜಲಿಯ ಯೋಗಸೂತ್ರದ ಮೊದಲ ಪಾದದಲ್ಲಿಯೂ, ಸ್ವಪ್ನ ಮತ್ತು ನಿದ್ರೆಗಳ ಅರಿವನ್ನು ಆಸರೆಯಾಗಿ ಹಿಡಿದರೂ ಚಿತ್ತ ನೆಲೆಗೊಳ್ಳುತ್ತದೆ ಎಂಬ ಸೂತ್ರವಿದೆ.

ನಮ್ಮ ಪಕ್ಕದ ಬೈಲುಕುಪ್ಪೆಯಲ್ಲಿ 1960ರ ದಶಕದ ಆರಂಭದಿಂದ ನೆಲೆಸಿರುವ ಟಿಬೆಟನ್ನರ ಪರಂಪರೆಯಲ್ಲಿ ಇದಕ್ಕೆ ‘ಮಿಲಮ್’ ಎಂಬ ಹೆಸರಿದೆ. ನಾರೋಪರ ಆರು ಯೋಗಗಳೆಂದು ಪ್ರಸಿದ್ಧವಾದ ಸಾಧನೆಗಳಲ್ಲಿ ಕನಸಿನ ಯೋಗವೂ ಒಂದು. ಆದರೆ ಅಲ್ಲಿ ಅದನ್ನು ಗುರುವಿನ ಮಾರ್ಗದರ್ಶನದಲ್ಲಿ, ಬೇರೆ ಸಾಧನೆಗಳು ಗಟ್ಟಿಯಾದ ಮೇಲೆ ಮಾಡುತ್ತಾರೆ. ಕಂಡ ಕನಸು ಹೇಗೆ ಮನಸ್ಸಿನ ತೋರಿಕೆಯೋ ಹಗಲಿನ ಜಗತ್ತೂ ಹಾಗೆಯೇ ಎಂಬ ತಿಳಿವು ಅದರ ಗುರಿ. ನಿಮ್ಮ ಉದ್ದೇಶ ಬೇರೆ, ಅದರಲ್ಲಿ ತಪ್ಪೇನೂ ಇಲ್ಲ. ಅಂತರ್ಜಾಲದಲ್ಲಿ ಎರಡನ್ನೂ ಕಲಸಿ ಮಂತ್ರ, ಮುದ್ರೆಗಳನ್ನು ಕಲಿಸುವ ವೀಡಿಯೊಗಳು ಬಹಳ ಇವೆ. ನಿಮಗೆ ಬೇಕಾದ್ದು ನೋಟ್‌ಬುಕ್ ಮತ್ತು ತಾಳ್ಮೆ ಎಂದು ಹೇಳುವುದಷ್ಟೇ ನನ್ನ ಉದ್ದೇಶ.

ಉತ್ತರ 4: ಮಾದಾಪುರ ಕಡೆಯವನು

ನಾನು ಈ ದಾರಿಗೆ ಬಂದದ್ದು ಕೆಟ್ಟ ಕನಸುಗಳಿಂದಾಗಿ. 2018ರ ಆಗಸ್ಟ್‌ನಲ್ಲಿ ಕೊಡಗಿನಲ್ಲಿ ಗುಡ್ಡಗಳು ಕುಸಿದಾಗ ನಮ್ಮ ತೋಟದ ಮೇಲ್ಭಾಗ ಕಣ್ಣೆದುರಿಗೇ ಜಾರಿಹೋಯಿತು. ಮನೆಯವರೆಲ್ಲರೂ ಉಳಿದೆವು, ಆದರೆ ಆ ಸದ್ದು ಒಂದೂವರೆ ವರ್ಷ ನನ್ನ ನಿದ್ದೆಯಲ್ಲಿ ಉಳಿಯಿತು. ಪ್ರತಿ ಬಾರಿಯೂ ಗುಡ್ಡ ಬರುತ್ತಿತ್ತು, ಪ್ರತಿ ಬಾರಿಯೂ ನನ್ನ ಕಾಲು ಕೆಸರಿನಲ್ಲಿ ಹೂತಿರುತ್ತಿತ್ತು.

ಆಪ್ತಸಮಾಲೋಚಕಿಯೊಬ್ಬರು ನನಗೆ ಅದೇ ಕನಸನ್ನು ಹಗಲಿನಲ್ಲಿ ಬರೆಸಿದರು, ಕೊನೆಯನ್ನು ಮಾತ್ರ ನನಗೆ ಬೇಕಾದಂತೆ ಬದಲಿಸಲು ಹೇಳಿದರು. ಬದಲಿಸಿದ ಕನಸನ್ನು ದಿನವೂ ಹತ್ತು ನಿಮಿಷ ಕಣ್ಣು ಮುಚ್ಚಿ ನೋಡುವುದು ನನಗೆ ಕೊಟ್ಟ ಅಭ್ಯಾಸ. ಐದನೆಯ ವಾರದಲ್ಲಿ ಒಂದು ರಾತ್ರಿ, ಕೆಸರಿನಲ್ಲಿ ನಿಂತಿದ್ದಾಗಲೇ, ಇದನ್ನು ನಾನು ಬರೆದಿದ್ದೇನಲ್ಲ ಎಂದು ಹೊಳೆಯಿತು. ಓಡಲಿಲ್ಲ. ತಿರುಗಿ ಗುಡ್ಡದ ಕಡೆ ಮುಖ ಮಾಡಿ ನಿಂತೆ. ಮಣ್ಣು ನನ್ನ ಎರಡೂ ಬದಿಯಿಂದ ಹರಿದು, ಕಾಫಿ ಹೂವಿನ ವಾಸನೆ ಬಂತು. ಆ ಮೇಲೆ ಆ ಕನಸು ಇಲ್ಲವೇ ಇಲ್ಲ ಎನ್ನಲಾರೆ, ವರ್ಷಕ್ಕೆ ಒಂದೆರಡು ಬಾರಿ ಬರುತ್ತದೆ, ಮಳೆಗಾಲದಲ್ಲಿ.

ತುಂಗಾತೀರ ಅವರಿಗೆ ಹೇಳಬೇಕೆನಿಸಿದ್ದು ಇದು. ಕನಸನ್ನು ಪೂರ್ತಿಯಾಗಿ ಹತೋಟಿಗೆ ತೆಗೆದುಕೊಳ್ಳುವ ಪ್ರಯತ್ನವನ್ನು ನಾನು ಎಂದೂ ಮಾಡಲಿಲ್ಲ, ನನ್ನ ನಿಲುವನ್ನಷ್ಟೇ ಬದಲಿಸಿದೆ. ಮನೆ ನೀವು ನೆನೆದಂತೆಯೇ ಇರಬೇಕೆಂದು ಹಟ ಹಿಡಿಯಬೇಡಿ. ಕಂಡಷ್ಟನ್ನು ನೋಡಿ. ಆಘಾತದ ಕನಸುಗಳಿಂದ ನರಳುವ ಬೇರೆ ಯಾರಾದರೂ ಇದನ್ನು ಓದುತ್ತಿದ್ದರೆ, ಒಬ್ಬರೇ ಪ್ರಯೋಗ ಮಾಡದೆ ತಜ್ಞರ ಜೊತೆಗೂಡಿ ಮಾಡಿ ಎಂದು ಕೇಳಿಕೊಳ್ಳುತ್ತೇನೆ.

ಮರುಬರಹ: ತುಂಗಾತೀರ (ಎಂಟು ವಾರಗಳ ನಂತರ)

ಉತ್ತರಿಸಿದ ಎಲ್ಲರಿಗೂ ಮನಃಪೂರ್ವಕ ವಂದನೆಗಳು. ಹೇಳಿದಂತೆಯೇ ಮಾಡಿದೆ. ಮೊದಲ ಎರಡು ವಾರ ಏನನ್ನೂ ಪ್ರಯತ್ನಿಸದೆ ನಿದ್ದೆಯನ್ನು ಸರಿಪಡಿಸಿಕೊಂಡೆ. ನೋಟ್‌ಬುಕ್ಕಿನಲ್ಲಿ ಈಗ ಮೂವತ್ತೊಂದು ಕನಸುಗಳಿವೆ. ಅಜ್ಜಿಯ ಮನೆ ಅವುಗಳಲ್ಲಿ ಎರಡರಲ್ಲಿ ಮಾತ್ರ ಇದೆ, ನನ್ನ ನಿಜವಾದ ಗುರುತು ಕಚೇರಿ. ಕೂಡಿಸಿದ ಮೊತ್ತ ತಾಳೆಯಾಗದೆ ಒದ್ದಾಡುವ ಕನಸುಗಳೇ ಒಂಬತ್ತು ಇದ್ದವು. ಹಾಗಾಗಿ ಹಗಲಿನಲ್ಲಿ ಪ್ರತಿ ಪುಟದ ಕೊನೆಯ ಮೊತ್ತವನ್ನು ಎರಡು ಬಾರಿ ಓದಿ, ಇದು ಕನಸಿರಬಹುದೇ ಎಂದು ನಿಜವಾಗಿಯೂ ಯೋಚಿಸುವ ಅಭ್ಯಾಸ ಮಾಡಿಕೊಂಡೆ.

ಮೈ ಕಟ್ಟಿದಂತೆ ಮತ್ತೊಮ್ಮೆ ಆಯಿತು. ಕಾಲಿನ ಹೆಬ್ಬೆರಳನ್ನು ಅಲುಗಿಸುತ್ತ ಉಸಿರು ಎಣಿಸಿದೆ, ಹದಿನಾಲ್ಕಕ್ಕೆ ಬಿಟ್ಟಿತು.

ಕಳೆದ ಭಾನುವಾರ ಐದೂಮುಕ್ಕಾಲಿಗೆ ತಾನಾಗಿಯೇ ಎಚ್ಚರವಾಯಿತು. ದೀಪ ಹಾಕದೆ ನೀರು ಕುಡಿದು, ಸಂಕಲ್ಪ ಹೇಳಿಕೊಳ್ಳುತ್ತ ಮಲಗಿದೆ. ಕನಸಿನಲ್ಲಿ ಕಚೇರಿಯ ಮೇಜಿನ ಮುಂದಿದ್ದೆ. ಮೊತ್ತ 4,310 ಎಂದಿತ್ತು. ಕಣ್ಣು ತೆಗೆದು ಮತ್ತೆ ಓದಿದಾಗ ಅಂಕಿಗಳ ಜಾಗದಲ್ಲಿ ಅಡಿಕೆ ಸಿಪ್ಪೆಯಂಥ ಗೀಟುಗಳಿದ್ದವು. ಮೂಗು ಹಿಡಿದೆ, ಉಸಿರು ಬಂತು. ಎದೆ ಮತ್ತೆ ಹೊಡೆದುಕೊಳ್ಳಲು ಆರಂಭಿಸಿದಾಗ ಅಂಗೈ ಉಜ್ಜಿದೆ, ಬಹಳ ಹೊತ್ತು ಉಜ್ಜಿದೆ. ಎದುರಿನ ಬಾಗಿಲಿನ ಆಚೆ ಜಗಲಿಯಿದೆ ಎಂದುಕೊಂಡು ಅದನ್ನು ತೆರೆದೆ. ಜಗಲಿಯೇ ಇತ್ತು.

ಕಂಬವನ್ನು ಮುಟ್ಟಿದೆ. ನಾವು ಮಕ್ಕಳು ಜೋತುಬಿದ್ದು ನುಣುಪಾಗಿಸಿದ್ದ ಜಾಗ ಅಂಗೈಗೆ ಸಿಕ್ಕಿತು. ದೀಪದ ಗೂಡಿನ ಮೇಲೆ ಗೋಡೆಗೆ ಹತ್ತಿದ ಮಸಿ ಹಾಗೆಯೇ ಇತ್ತು. ಅಟ್ಟದ ಏಣಿಗೆ ಒಂಬತ್ತು ಮೆಟ್ಟಿಲು ಇರಬೇಕಿತ್ತು, ಎಣಿಸಿದರೆ ಏಳಿದ್ದವು. ಮಾದಾಪುರದವರ ಮಾತು ನೆನಪಾಗಿ ಅದನ್ನು ಸರಿಪಡಿಸಲು ಹೋಗಲಿಲ್ಲ. ನಡುಮನೆಯ ಹೊಸಿಲು ದಾಟುವಾಗ ಕಡಗೋಲಿನ ಸದ್ದು ಕೇಳಿತು. ಅಜ್ಜಿಯ ಮುಖವನ್ನು ನೆನಪಿಗೆ ತಂದುಕೊಳ್ಳಲು ಕಣ್ಣು ಮುಚ್ಚಿದೆ, ಅಲ್ಲಿಗೆ ಎಚ್ಚರವಾಯಿತು. ಎದ್ದು ಬಹಳ ಹೊತ್ತು ಅತ್ತೆ, ಆದರೆ ಅದು ಭಾರವಾದ ಅಳುವಾಗಿರಲಿಲ್ಲ.

ಒಂದು ಪ್ರಶ್ನೆ ಉಳಿದಿದೆ. ಮುಂದಿನ ಬಾರಿ ಅಡುಗೆಮನೆಯವರೆಗೆ ಹೋಗುವುದು ಹೇಗೆ?

ಉತ್ತರ: ಬೆಳಗಿನ ಜಾವ

ನಿಮ್ಮ ಬರಹವನ್ನು ಎರಡು ಬಾರಿ ಓದಿದೆ. ಬಹಳ ಸಂತೋಷವಾಯಿತು. ಕನಸಿನಲ್ಲಿ ಕಣ್ಣು ಮುಚ್ಚಬೇಡಿ, ಹಾಸಿಗೆಯಲ್ಲಿರುವ ಕಣ್ಣುಗಳು ಬಹಳ ಸಲ ಅದೇ ಹೊತ್ತಿಗೆ ತೆರೆದುಬಿಡುತ್ತವೆ. ಮುಖವನ್ನು ನೆನಪಿನಿಂದ ಕಟ್ಟಲು ಹೊರಟರೆ ಗಮನ ಕನಸಿನಿಂದ ಹೊರಗೆ ಬರುತ್ತದೆ, ಅದರ ಬದಲು ನಿರೀಕ್ಷೆಯನ್ನು ಬಳಸಿ. ಜಗಲಿಯ ಬಾಗಿಲನ್ನು ನೀವು ತೆರೆದದ್ದು ಹಾಗೆಯೇ ಅಲ್ಲವೇ? ಅಜ್ಜಿಯವರು ಒಳಗಿದ್ದಾರೆ ಎಂದು ಖಾತ್ರಿಯಾಗಿ ತಿಳಿದು, ಗೋಡೆಯನ್ನು ಒಂದು ಕೈಯಿಂದ ಸವರುತ್ತ, ಸದ್ದಿನ ದಿಕ್ಕಿಗೆ ನಡೆಯಿರಿ. ಮಸುಕಾದರೆ ನಿಂತು ಅಂಗೈ ಉಜ್ಜಿ. ಹಗಲಿನಲ್ಲಿ ಕುಳಿತು ಆ ಹಾದಿಯನ್ನು ಮೊದಲೇ ಒಮ್ಮೆ ನಡೆದುಬಿಡಿ, ಸದ್ದು ಎಲ್ಲಿಂದ ಬರುತ್ತಿತ್ತು ಎಂಬುದನ್ನು ಗುರುತು ಮಾಡಿಕೊಳ್ಳಿ.

ಮರುಬರಹ: ತುಂಗಾತೀರ

ಎಡಗಡೆಯಿಂದ, ಅಡುಗೆಮನೆಯ ಕಿಟಕಿಯ ಕೆಳಗಿನಿಂದ. ಕಡೆಯುವ ಕಂಬವಿದ್ದದ್ದು ಅಲ್ಲಿಯೇ. ಇಂದು ಸಂಜೆ ಕುಳಿತು ಬರೆದಿಡುತ್ತೇನೆ.